ಮುತ್ತಿಗೆಯ ಗಣಿತ

2014ರ ಆಗಸ್ಟ್ 30ರಂದು ಉತ್ತರ ಇರಾಕಿನಲ್ಲಿ ಐಸಿಸ್ ಬಂಡುಕೋರರ ಮುತ್ತಿಗೆಗೆ ಸಿಕ್ಕಿದ್ದ ಆಮೆರ್ಲಿ ಎಂಬ ಪುಟ್ಟ ಪಟ್ಟಣದ ಮೇಲೆ ಅಮೆರಿಕದ ವಿಮಾನಗಳು 109 ಮೂಟೆಗಳನ್ನು ಪ್ಯಾರಾಚೂಟ್ ಕಟ್ಟಿ ಇಳಿಸಿದವು. ಅವುಗಳಲ್ಲಿ ಇದ್ದದ್ದು 10,545 ಗ್ಯಾಲನ್ ಕುಡಿಯುವ ನೀರು ಮತ್ತು ಸುಮಾರು 7,000 ಊಟದ ಪೊಟ್ಟಣ. ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾದ ವಿಮಾನಗಳೂ ಕೈಜೋಡಿಸಿದ್ದವು. ಪತ್ರಿಕೆಯಲ್ಲಿ ಓದುವಾಗ ಇದು ದೊಡ್ಡ ಸಂಖ್ಯೆಯೇ. ಆದರೆ ತಲೆಗಿಷ್ಟು ಎಂದು ಹಂಚಿ ನೋಡಿ. ನೀರು 40,000 ಲೀಟರಿಗೆ ತುಸು ಕಡಿಮೆ. ಒಳಗಿದ್ದವರು 12,000 ಎಂದವರೂ ಉಂಟು, 20,000 ಎಂದವರೂ ಉಂಟು. ನಡುವಿನ 15,000 ಎಂದಿಟ್ಟುಕೊಂಡರೆ ಒಬ್ಬರಿಗೆ ಮೂರು ಲೀಟರೂ ಸಿಗದು. ಊಟವಂತೂ ಇಬ್ಬರಿಗೆ ಒಂದು ಪೊಟ್ಟಣ, ಅದೂ ಒಂದೇ ಹೊತ್ತಿಗೆ. ಮರುದಿನವೇ ಇರಾಕಿ ಸೈನ್ಯ, ಶಿಯಾ ಮಿಲಿಷಿಯಾಗಳು, ಕುರ್ದಿಷ್ ಪೆಶ್ಮರ್ಗಾ ಪಡೆಗಳು ಸೇರಿ ಮುತ್ತಿಗೆ ಮುರಿದವು. ಮುರಿಯದೆ ಹೋಗಿದ್ದರೆ ಅಮೆರಿಕ ಇಳಿಸಿದ ಈ ಸಾಮಾನು ಒಂದು ದಿನವನ್ನು ದಾಟಿಸುತ್ತಿತ್ತು, ಎರಡನ್ನಲ್ಲ.

ಆಮೆರ್ಲಿ ಸಲಾಹುದ್ದೀನ್ ಪ್ರಾಂತ್ಯದ ಪಟ್ಟಣ. ಶಿಯಾ ತುರ್ಕ್‌ಮನ್ ಜನರ ಊರು, ಸುತ್ತಲೂ ಸುನ್ನಿ ಹಳ್ಳಿಗಳು. 2007ರ ಜುಲೈನಲ್ಲಿ ಅದರ ಸಂತೆಯಲ್ಲಿ ಲಾರಿ ಬಾಂಬ್ ಸಿಡಿದು ಸುಮಾರು 150 ಮಂದಿ ಸತ್ತಿದ್ದರು. ಹಾಗಾಗಿ 2014ರ ಜೂನ್ 10ರಂದು ಮೊಸುಲ್ ಐಸಿಸ್ ಕೈವಶವಾಗಿ, ಅದರ ಬಂಡುಕೋರರು ದಕ್ಷಿಣಕ್ಕೆ ಇಳಿಯತೊಡಗಿದಾಗ ತಮಗೇನು ಕಾದಿದೆ ಎಂದು ಆಮೆರ್ಲಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕಪಕ್ಕದ ತುರ್ಕ್‌ಮನ್ ಹಳ್ಳಿಗಳು ಒಂದೊಂದೇ ಬಿದ್ದವು. ಇವರು ಊರು ಬಿಡಲಿಲ್ಲ. ರೈತರು, ಮೇಷ್ಟ್ರುಗಳು, ಅಂಗಡಿಯವರು ಊರಿನ ಸುತ್ತ ಕಂದಕ ತೋಡಿದರು, ಮರಳ ಚೀಲ ಜೋಡಿಸಿದರು, ಮನೆಯಲ್ಲಿದ್ದ ಕಲಾಶ್ನಿಕೋವ್ ಹಿಡಿದು ಸರದಿಯಲ್ಲಿ ಕಾವಲು ಕೂತರು. ವಿದ್ಯುತ್ ತಂತಿ ಕಡಿದುಹೋಗಿತ್ತು, ಕೊಳವೆ ನೀರು ನಿಂತಿತ್ತು. ಬಾವಿಯ ಉಪ್ಪುನೀರು ಕುಡಿದು ಮಕ್ಕಳಿಗೆ ಭೇದಿ ಹತ್ತಿತು. ಆಗೊಮ್ಮೆ ಈಗೊಮ್ಮೆ ಸೈನ್ಯದ ಹೆಲಿಕಾಪ್ಟರ್ ಬಂದು ಒಂದಿಷ್ಟು ಆಹಾರ, ಮದ್ದುಗುಂಡು ಇಳಿಸಿ, ಕೆಲವು ರೋಗಿಗಳನ್ನೂ ಬಸುರಿಯರನ್ನೂ ಹತ್ತಿಸಿಕೊಂಡು ಹೋಗುತ್ತಿತ್ತು. ಆಗಸ್ಟ್ 23ರಂದು ವಿಶ್ವಸಂಸ್ಥೆಯ ಪ್ರತಿನಿಧಿ ನಿಕೊಲಾಯ್ ಮ್ಲಾಡೆನೊವ್ ಅಲ್ಲಿ ಹತ್ಯಾಕಾಂಡ ನಡೆಯಬಹುದೆಂದು ಬಹಿರಂಗವಾಗಿ ಎಚ್ಚರಿಸಿದರು. ಆ ಹೊತ್ತಿಗೆ ಮುತ್ತಿಗೆಗೆ ಎರಡು ತಿಂಗಳು ಕಳೆದಿತ್ತು. ಒಟ್ಟು ಸುಮಾರು 80 ದಿನ ಊರು ನಿಂತಿತು.

ಈ ಕಥೆಯನ್ನು ಜಗತ್ತು ಶೌರ್ಯದ ಕಥೆಯಾಗಿ ನೆನಪಿಟ್ಟುಕೊಂಡಿದೆ. ಶೌರ್ಯ ಇತ್ತು, ಅನುಮಾನವಿಲ್ಲ. ಆದರೆ ಅಂಥದ್ದೇ ಶೌರ್ಯ ತೋರಿಯೂ ಉಳಿಯದ ಊರುಗಳಿವೆ. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು ಎಂದು ಹುಡುಕುತ್ತ ಹೋದರೆ ಬಲು ಸಪ್ಪೆಯಾದ ಸಂಗತಿಗಳು ಸಿಗುತ್ತವೆ. ಉತ್ತರ ಇರಾಕಿನಲ್ಲಿ ಗೋಧಿ ಕಟಾವು ಮೇ-ಜೂನ್‌ನಲ್ಲಿ. ಮುತ್ತಿಗೆ ಬಿದ್ದದ್ದು ಸುಗ್ಗಿ ಮುಗಿಯುವ ಕಾಲಕ್ಕೆ. ಬಾವಿಗಳಿದ್ದವು, ಉಪ್ಪಾದರೂ ನೀರಿತ್ತು. ಹೆಲಿಕಾಪ್ಟರ್ ಇಳಿಯಲು ಜಾಗವಿತ್ತು. ಇಷ್ಟೆಲ್ಲ ಇದ್ದೂ ಊರು ಆಗಸ್ಟ್ ಕೊನೆಗೆ ಅಂಚಿಗೆ ಬಂದು ನಿಂತಿತ್ತು. ಮುತ್ತಿಗೆ ಬಿದ್ದ ಊರು ಎಷ್ಟು ದಿನ ತಡೆದೀತು ಎಂಬುದನ್ನು ಬಹುಮಟ್ಟಿಗೆ ಮೊದಲೇ ಲೆಕ್ಕ ಹಾಕಬಹುದು. ಲೆಕ್ಕ ಹಾಕಬಲ್ಲವರ ಕೈಯಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ. ಆದರೂ ಪರಿಹಾರ ಹೊರಡುವುದು ಗಡುವು ಮುಗಿದ ಮೇಲೆ. ಮುಂದೆ ಬೀಳಲಿರುವ ಊರುಗಳ ಬಗ್ಗೆ ನನಗಿರುವ ಆತಂಕ ಇದೇ.

ನೀರಿನಿಂದ ಶುರುಮಾಡೋಣ. ತುರ್ತು ಪರಿಹಾರದಲ್ಲಿ ಎಲ್ಲರೂ ಒಪ್ಪುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು; ಕುಡಿಯಲು, ಅಡುಗೆಗೆ, ಕೈ ತೊಳೆಯಲು ಎಲ್ಲ ಸೇರಿ. ಕುಡಿಯಲಿಕ್ಕಷ್ಟೇ ಎಂದರೆ ಮೂರು ಲೀಟರ್ ಸಾಕೆನಿಸಬಹುದು. ಆದರೆ ಇರಾಕಿನ ಆಗಸ್ಟ್‌ನ 45 ಡಿಗ್ರಿ ಬಿಸಿಲಲ್ಲಿ ಗುದ್ದಲಿ ಹಿಡಿದವನ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಹರಿಯುತ್ತದೆ. ಬಾವಿಯ ಉಪ್ಪುನೀರು ಈ ನಷ್ಟವನ್ನು ಪೂರ್ತಿ ತುಂಬುವುದಿಲ್ಲ, ಏಕೆಂದರೆ ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಮತ್ತೆ ನೀರೇ ಬೇಕು. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಕೂಸುಗಳ ಮೂತ್ರಪಿಂಡಕ್ಕೆ ಆ ಶಕ್ತಿ ಇರುವುದಿಲ್ಲ, ಜೊತೆಗೆ ಭೇದಿಯೂ ಸೇರಿದರೆ ಎರಡು ದಿನ ಸಾಕು.

ಹಸಿವು ಇದಕ್ಕಿಂತ ನಿಧಾನ. ಅದರ ಬಗ್ಗೆ ನಮಗಿರುವ ಅತ್ಯಂತ ನಿಖರ ಮಾಹಿತಿ ಎರಡು ವಿಚಿತ್ರ ಮೂಲಗಳಿಂದ ಬಂದಿದೆ. ಮೊದಲನೆಯದು ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ. ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ದಿನಕ್ಕೆ ಸುಮಾರು 1,570 ಕಿಲೊಕ್ಯಾಲೊರಿ, ಅಂದರೆ ಏನೂ ಇಲ್ಲವೆಂದಲ್ಲ, ಬೇಕಾದ್ದರ ಅರ್ಧದಷ್ಟು. ತೂಕದಲ್ಲಿ ಕಾಲು ಭಾಗ ಇಳಿಯಿತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಹಿಡಿಯಿತು. ತಲೆಯೊಳಗೆ ಊಟದ ಯೋಚನೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಕೂಡಿಟ್ಟುಕೊಂಡವರಿದ್ದರು. ಗುಂಡು ಹಾರುವ ಭಯವಿಲ್ಲದ, ವೈದ್ಯರ ನಿಗಾ ಇದ್ದ ಜಾಗದಲ್ಲಿ ಆದದ್ದು ಇದು. ಎರಡನೆಯದು 1942ರ ವಾರ್ಸಾ ಘೆಟ್ಟೊ. ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ಯಹೂದಿ ವೈದ್ಯರು, ತಾವೂ ಹಸಿದಿದ್ದುಕೊಂಡೇ, ಹಸಿವಿನಿಂದ ಸಾಯುತ್ತಿದ್ದವರ ರಕ್ತದೊತ್ತಡ, ಹೃದಯ, ರಕ್ತವನ್ನು ಅಳೆದು ದಾಖಲಿಸಿದರು. ಹಸ್ತಪ್ರತಿಯನ್ನು ಗೋಡೆಯಾಚೆ ಕಳ್ಳತನದಲ್ಲಿ ದಾಟಿಸಲಾಯಿತು, ಯುದ್ಧ ಮುಗಿದ ಮೇಲೆ ಅಚ್ಚಾಯಿತು. ಬರೆದವರಲ್ಲಿ ಬಹುತೇಕರು ಬದುಕಿ ಉಳಿಯಲಿಲ್ಲ.

ಈ ಎರಡು ಅಧ್ಯಯನಗಳನ್ನು ಮುತ್ತಿಗೆ ಬಿದ್ದ ಊರಿನ ಕಾವಲುಗಾರನ ಪಕ್ಕ ಇಟ್ಟು ನೋಡಬೇಕು. ದಿನಕ್ಕೊಂದು ರೊಟ್ಟಿ ತಿಂದು ರಾತ್ರಿಯಿಡೀ ಕಂದಕದಲ್ಲಿ ಕೂರುವವನು ಮೂರನೇ ತಿಂಗಳಿಗೆ ಮೊದಲಿನ ಮನುಷ್ಯನಾಗಿರುವುದಿಲ್ಲ. ಸ್ನಾಯು ಕರಗಿರುತ್ತದೆ, ತೀರ್ಮಾನ ಮಾಡುವ ತಾಳ್ಮೆ ಹೋಗಿರುತ್ತದೆ, ಸಣ್ಣ ಗಾಯ ಒಣಗುವುದಿಲ್ಲ. ಊರು ಹೊರಗಿನಿಂದ ನೋಡುವವರಿಗೆ ಇನ್ನೂ ಗಟ್ಟಿಯಾಗಿ ನಿಂತಂತೆ ಕಾಣುತ್ತಿರುತ್ತದೆ. ಗೆದ್ದಲು ತಿಂದ ತೊಲೆ ಬೀಳುವ ಹಿಂದಿನ ದಿನದವರೆಗೂ ತೊಲೆಯಂತೆಯೇ ಕಾಣುವುದಿಲ್ಲವೇ? 'ಇಷ್ಟು ದಿನ ತಡೆದಿದ್ದಾರೆ, ಇನ್ನೊಂದಿಷ್ಟು ದಿನ ತಡೆಯುತ್ತಾರೆ' ಎಂಬ ರಾಜಧಾನಿಗಳ ಲೆಕ್ಕಾಚಾರ ಶರೀರಶಾಸ್ತ್ರದ ಮುಂದೆ ನಿಲ್ಲದು.

ಇನ್ನು ಕ್ಷಾಮವೆಂದು ಅಧಿಕೃತವಾಗಿ ಯಾವಾಗ ಕರೆಯುತ್ತಾರೆ? ಐಪಿಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಇದಕ್ಕೆ ಮೂರು ಗೆರೆ ಎಳೆದಿದೆ. ಐದರಲ್ಲಿ ಒಂದು ಮನೆಗೆ ಆಹಾರವೇ ಇಲ್ಲದಂತಾಗಿರಬೇಕು. ನೂರರಲ್ಲಿ 30 ಮಕ್ಕಳು ತೀವ್ರ ಅಪೌಷ್ಟಿಕತೆಗೆ ಬಿದ್ದಿರಬೇಕು. ಹಸಿವು ಮತ್ತು ಅದರ ಬೆನ್ನಿಗೆ ಬರುವ ರೋಗದಿಂದ ದಿನಕ್ಕೆ 10,000 ಜನರಲ್ಲಿ ಇಬ್ಬರು ಸಾಯುತ್ತಿರಬೇಕು. ಆಮೆರ್ಲಿಯಂಥ 15,000 ಜನರ ಊರಿಗೆ ಇದು ದಿನಕ್ಕೆ ಮೂರು ಹೆಣ. ಎರಡೂವರೆ ಲಕ್ಷ ಜನರ ನಗರಕ್ಕೆ 50. ಈ ಅಳತೆಗಳಿಗೆ ಮನೆಮನೆ ಸಮೀಕ್ಷೆ ಬೇಕು, ಮಕ್ಕಳ ರಟ್ಟೆಗೆ ಟೇಪು ಸುತ್ತಿ ನೋಡಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 125 ಮಿಲಿಮೀಟರಿಗಿಂತ ಕಡಿಮೆಯಾದರೆ ಅಪಾಯ, 115ಕ್ಕಿಂತ ಕಡಿಮೆಯಾದರೆ ಜೀವಕ್ಕೇ ಕುತ್ತು. ಟೇಪು ಹಿಡಿದ ಆರೋಗ್ಯ ಕಾರ್ಯಕರ್ತೆಗೇ ಊರೊಳಗೆ ಹೋಗಲಾಗದಿದ್ದರೆ? ಅಳೆಯುವ ಕೆಲಸ ಸಾವು ಶುರುವಾಗುವ ಮೊದಲೇ ನಿಂತುಹೋಗುತ್ತದೆ. ಪುರಾವೆ ಇಲ್ಲವಾದ್ದರಿಂದ ಕ್ಷಾಮವಿಲ್ಲ ಎಂದು ಮುತ್ತಿಗೆ ಹಾಕಿದವನು ಹೇಳಬಹುದು, ಹೇಳುತ್ತಾನೆ ಕೂಡ.

ಸುಡಾನಿನ ಎಲ್ ಫಾಶರ್ ಇದಕ್ಕೆ ಉದಾಹರಣೆ. ಈ ಹೆಸರು ಕರ್ನಾಟಕಕ್ಕೆ ಹೊಸತಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೈನ್ಯ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಹಲವರು ಸಿಕ್ಕಿಬಿದ್ದಿದ್ದು ಇದೇ ಊರಲ್ಲಿ. 'ಆಪರೇಷನ್ ಕಾವೇರಿ'ಯಲ್ಲಿ ಅವರು ಮರಳಿ ಬಂದರು. ನಮ್ಮ ಪತ್ರಿಕೆಗಳಲ್ಲಿ ಎಲ್ ಫಾಶರ್ ಸುದ್ದಿ ಅಲ್ಲಿಗೆ ಮುಗಿಯಿತು. ಊರಿನವರ ಪಾಲಿಗೆ ಅದು ಆಗಷ್ಟೇ ಶುರುವಾಗಿತ್ತು.

ನಂತರದ ಘಟನೆಗಳನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಮೈ ಜುಮ್ಮೆನ್ನುತ್ತದೆ. 2024ರ ಫೆಬ್ರುವರಿಯಲ್ಲಿ ಊರ ಹೊರಗಿನ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಪ್ರತಿ ಎರಡು ಗಂಟೆಗೆ ಒಂದು ಮಗು ಸಾಯುತ್ತಿದೆ ಎಂದು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಅಂದಾಜಿಸಿತು. ಮೇ ಹೊತ್ತಿಗೆ ಎಲ್ ಫಾಶರ್ ಸುತ್ತ ಆರ್‌ಎಸ್‌ಎಫ್ ಮುತ್ತಿಗೆ ಬಿಗಿಯಾಯಿತು. ಜೂನ್ 13ರಂದು ಮುತ್ತಿಗೆ ತೆಗೆಯಿರಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2736ನೇ ನಿರ್ಣಯ ಮಾಡಿತು. ಜಮ್‌ಜಮ್‌ನಲ್ಲಿ ಕ್ಷಾಮವಿದೆ ಎಂದು ಐಪಿಸಿ ಸಾರಿದ್ದು ಆಗಸ್ಟ್‌ನಲ್ಲಿ, ಮೊದಲ ಎಚ್ಚರಿಕೆಯ ಆರು ತಿಂಗಳ ನಂತರ. 2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಆ ಶಿಬಿರವನ್ನೇ ನುಂಗಿತು. ಜೂನ್‌ನಲ್ಲಿ ಎಲ್ ಫಾಶರ್ ಕಡೆ ಹೊರಟಿದ್ದ ವಿಶ್ವಸಂಸ್ಥೆಯ ಆಹಾರ ಲಾರಿಗಳ ಮೇಲೆ ದಾರಿಯಲ್ಲೇ ದಾಳಿಯಾಗಿ ಐವರು ಸತ್ತರು. ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರ ನೋಡಿ ಊರಿನ ಸುತ್ತ 31 ಕಿ.ಮೀ. ಉದ್ದದ ಮಣ್ಣಿನ ದಿಬ್ಬ ಎದ್ದಿದೆ ಎಂದು ತೋರಿಸಿದರು. ಕೊಲ್ಲುವ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದಾರೆ ಎಂಬುದು ಅವರ ಎಚ್ಚರಿಕೆಯ ಸಾರ.

ಒಳಗೆ ಸುಮಾರು 2,60,000 ಜನ, ಅವರಲ್ಲಿ ಅರ್ಧ ಮಕ್ಕಳು. ತಿನ್ನುತ್ತಿದ್ದದ್ದು 'ಅಂಬಾಜ್', ಅಂದರೆ ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ನಮ್ಮಲ್ಲಿ ಎಮ್ಮೆಗೆ ಇಡುವ ಹಿಂಡಿಯೇ. ನೀರಲ್ಲಿ ನೆನೆಸಿ, ಕುದಿಸಿ, ಮಕ್ಕಳಿಗೆ ಉಣಿಸುತ್ತಿದ್ದರು. ಹಿಂಡಿಯಲ್ಲಿ ಪ್ರೋಟೀನ್ ಇದೆ, ಅದೇನೂ ವಿಷವಲ್ಲ. ಆದರೆ ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಶೇಂಗಾ ಹಿಂಡಿಗೆ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟು ಅಫ್ಲಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ, ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅದು ಕೆಡಿಸುವುದು ಪಿತ್ತಜನಕಾಂಗವನ್ನು, ಹಸಿದ ಮಗುವಿನಲ್ಲಿ ಈಗಾಗಲೇ ಸೋತಿರುವ ಅಂಗವನ್ನು. ಕೊನೆಕೊನೆಗೆ ಹಿಂಡಿಯೂ ಮುಗಿಯತೊಡಗಿತು. ಈ ಮಾಹಿತಿ ಪಡೆಯಲು ಯಾರೂ ಸಮೀಕ್ಷೆ ಮಾಡಬೇಕಿರಲಿಲ್ಲ, ಊರಿನವರು ಫೋನಿನಲ್ಲಿ ಹೇಳುತ್ತಿದ್ದರು. ದನದ ಮೇವು ಮನುಷ್ಯರ ಸಂತೆಗೆ ಬಂದ ದಿನ, ಅದಕ್ಕೆ ಬೆಲೆ ಏರತೊಡಗಿದ ದಿನ, ಕ್ಷಾಮದ ಪುರಾವೆ ಸಿಕ್ಕಿತು ಎಂದೇ ಲೆಕ್ಕ. ನನ್ನನ್ನು ಕೇಳಿದರೆ ರಟ್ಟೆಯ ಟೇಪಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ: ಹಿಂಡಿಯ ಬೆಲೆ, ದಿಬ್ಬದ ಉದ್ದ, ಬಿತ್ತದೆ ಉಳಿದ ಹೊಲ, ರಾತ್ರಿಯ ಉಪಗ್ರಹ ಚಿತ್ರದಲ್ಲಿ ಆರಿಹೋದ ದೀಪ. ಇವುಗಳಲ್ಲಿ ಯಾವುದಕ್ಕೂ ಮುತ್ತಿಗೆ ಹಾಕಿದವನ ಅಪ್ಪಣೆ ಬೇಡ.

ಎಲ್ ಫಾಶರ್‌ನಲ್ಲೂ ಊರಿನ ಯುವಕರು ಸೈನ್ಯದ ಜೊತೆ, ಸ್ಥಳೀಯ ಸಶಸ್ತ್ರ ಗುಂಪುಗಳ ಜೊತೆ ನಿಂತು ಕಾದರು. ಹೆಂಗಸರು ಬೀದಿಬೀದಿಯಲ್ಲಿ ಸಾಮೂಹಿಕ ಅಡುಗೆಮನೆ ನಡೆಸಿದರು. ದಾಳಿಯ ಮೇಲೆ ದಾಳಿ ಹಿಮ್ಮೆಟ್ಟಿಸಿ 500ಕ್ಕೂ ಹೆಚ್ಚು ದಿನ ಊರು ಉಳಿಯಿತು. 2025ರ ಅಕ್ಟೋಬರ್ 26ರಂದು ಬಿತ್ತು. ಕೆಲವೇ ದಿನಗಳಲ್ಲಿ, ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ರೋಗಿಗಳು ಮತ್ತು ಅವರ ಜೊತೆಗಿದ್ದವರು ಕೊಲೆಯಾದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಗೆಡಹಿತು. ಆ ಊರಿನಲ್ಲಿ ಕ್ಷಾಮವಿದೆ ಎಂದು ಐಪಿಸಿ ದೃಢಪಡಿಸಿದ್ದು ನವೆಂಬರ್‌ನಲ್ಲಿ, ಊರು ಬಿದ್ದ ಒಂದು ವಾರಕ್ಕೆ.

ಊರಿನವರೇ ಆಯುಧ ಹಿಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆ ದೂರ ಕೂತವರಿಗೆ ಸುಲಭ. ಮನೆ ಬಾಗಿಲಿಗೆ ಐಸಿಸ್ ಬಂದಾಗ ಆಮೆರ್ಲಿಯ ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅದನ್ನೇ ಸರ್ಕಾರವೊಂದು ನೀತಿಯಾಗಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬುರ್ಕಿನಾ ಫಾಸೊ ನೋಡಬೇಕು. ಅಲ್ಲಿ 2020ರ ಕಾನೂನಿನ ಪ್ರಕಾರ ನಾಗರಿಕರಿಗೆ ಎರಡು ವಾರ ತರಬೇತಿ ಕೊಟ್ಟು ಬಂದೂಕು ಕೈಗಿಡುತ್ತಾರೆ. 2024ರ ಆಗಸ್ಟ್ 24ರಂದು ಬಾರ್ಸಲೊಗೊ ಎಂಬ ಪಟ್ಟಣದ ಹೊರಗೆ ಸೈನ್ಯದ ಸೂಚನೆಯಂತೆ ಜನ ಕಂದಕ ತೋಡುತ್ತಿದ್ದರು, ಊರು ಕಾಯಲೆಂದು. ಅಲ್‌ಖೈದಾ ನಂಟಿನ ಜೆಎನ್‌ಐಎಂ ಬಂಡುಕೋರರು ಬೈಕುಗಳಲ್ಲಿ ಬಂದು ಅದೇ ಕಂದಕದ ಅಂಚಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಸತ್ತವರು ಕನಿಷ್ಠ 133 ಎನ್ನುತ್ತದೆ ಹ್ಯೂಮನ್ ರೈಟ್ಸ್ ವಾಚ್. ಅದರ ಎಷ್ಟೋ ಪಟ್ಟು ಎನ್ನುವವರೂ ಇದ್ದಾರೆ. ಗುದ್ದಲಿ ಹಿಡಿದವನೂ ಶತ್ರು ಸೈನಿಕನೇ ಎಂಬುದು ಕೊಂದವರ ಸಮರ್ಥನೆ. ಬಾರ್ಸಲೊಗೊದ ಉತ್ತರಕ್ಕೆ, ಮಾಲಿ ಗಡಿಯ ಕಡೆಗಿರುವ ಜಿಬೊ ಪಟ್ಟಣ 2022ರ ಫೆಬ್ರುವರಿಯಿಂದ ಇವರದೇ ದಿಗ್ಬಂಧನಕ್ಕೆ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಸೈನ್ಯದ ಕಾವಲಿನಲ್ಲೇ ಹೊರಟಿದ್ದ ಸಾಮಾನಿನ ಲಾರಿಗಳು ಗಾಸ್ಕಿಂಡೆ ಬಳಿ ಸುಟ್ಟುಹೋದವು. ಜನ ಎಲೆ ಬೇಯಿಸಿ ತಿಂದರು. ಎಲೆ ಕೀಳಲು ಊರಾಚೆ ಹೋದ ಹೆಂಗಸರ ಮೇಲೂ ದಾಳಿಯಾಯಿತು.

ಇಷ್ಟೆಲ್ಲ ದಾಟಿ ಪರಿಹಾರ ಬಂತು ಎಂದಿಟ್ಟುಕೊಳ್ಳೋಣ. ಆಗಲೂ ಸಾವು ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೆ ಪಿಷ್ಟ, ಸಕ್ಕರೆ ಸಿಕ್ಕರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಷಿಯಂ ಜೀವಕೋಶಗಳೊಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯ ನಿಲ್ಲಬಹುದು. ಅದಕ್ಕೇ ತೀವ್ರ ಅಪೌಷ್ಟಿಕತೆಯ ಮಗುವಿಗೆ ಮೊದಲು ಎಫ್-75 ಎಂಬ ತೆಳು ಹಾಲನ್ನು ಅಳತೆ ಮಾಡಿ ಕುಡಿಸುತ್ತಾರೆ. ವಿಮಾನದಿಂದ ಬೀಳುವ, ಸೈನಿಕರಿಗೆಂದು ಮಾಡಿದ ಊಟದ ಪೊಟ್ಟಣ ಒಂದಕ್ಕೇ ಸುಮಾರು 1,200 ಕಿಲೊಕ್ಯಾಲೊರಿ. ಕೊಡುವ ಕೈಗೆ ಅದರ ಅಪಾಯ ಗೊತ್ತಿರಬೇಕು. ಸಿರಿಯಾದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಮಡಾಯಾ ಪಟ್ಟಣಕ್ಕೆ 2016ರ ಜನವರಿಯಲ್ಲಿ ಆಹಾರದ ಲಾರಿಗಳು ಹೋದ ಮೇಲೂ, ತಿಂಗಳು ಮುಗಿಯುವಷ್ಟರಲ್ಲಿ ಇನ್ನೂ 16 ಮಂದಿ ಹಸಿವಿನಿಂದ ಸತ್ತರು. ತುರ್ತು ಚಿಕಿತ್ಸೆ ಬೇಕಿದ್ದ ಹಲವು ರೋಗಿಗಳನ್ನು ಹೊರಗೆ ಬಿಟ್ಟಿರಲಿಲ್ಲ. ಇನ್ನೂ ಹುಟ್ಟದ ಮಕ್ಕಳನ್ನೂ ಹಸಿವು ಬಿಡುವುದಿಲ್ಲ. 1944-45ರ ಚಳಿಗಾಲದ ಡಚ್ ಕ್ಷಾಮದಲ್ಲಿ ಗರ್ಭದಲ್ಲಿದ್ದವರನ್ನು ಐವತ್ತು ವರ್ಷದ ನಂತರ ಪರೀಕ್ಷಿಸಿದಾಗ ಸಕ್ಕರೆ ನಿಯಂತ್ರಣದ ತೊಂದರೆ ಮತ್ತು ಹೃದ್ರೋಗ ಅವರಲ್ಲಿ ಹೆಚ್ಚಾಗಿ ಕಂಡವು.

ಆಮೆರ್ಲಿಯ ಕಥೆಗೂ ಇಂಥದ್ದೊಂದು ಬಾಲವಿದೆ, ಅದನ್ನು ಹೇಳುವವರು ಕಡಿಮೆ. ಮುತ್ತಿಗೆ ಮುರಿದ ಮಿಲಿಷಿಯಾಗಳು ನಂತರದ ವಾರಗಳಲ್ಲಿ ಸುತ್ತಲಿನ ಸುನ್ನಿ ಹಳ್ಳಿಗಳ ಮೇಲೆ ತಿರುಗಿಬಿದ್ದವು. ಬಂಡುಕೋರರು ಓಡಿಹೋದ ಮೇಲೆ ಮನೆಗಳನ್ನು ದೋಚಿ, ಸುಟ್ಟು, ಬುಲ್ಡೋಜರ್ ಹಾಯಿಸಿ ಕೆಡವಿದವು. ಹ್ಯೂಮನ್ ರೈಟ್ಸ್ ವಾಚ್ ಉಪಗ್ರಹ ಚಿತ್ರಗಳಲ್ಲಿ 30 ಊರುಗಳ ಸುಮಾರು 3,800 ಕಟ್ಟಡಗಳ ನಾಶವನ್ನು ಎಣಿಸಿತು. ತಡವಾಗಿ ಬಂದ ಪರಿಹಾರಕ್ಕೆ ಸಿಟ್ಟು ಹೆಚ್ಚಿರುತ್ತದೆ ಎಂಬುದು ನನ್ನ ಅನುಮಾನ. 80 ದಿನ ಕಾದ ಊರಿನ ನೆರೆಯಲ್ಲಿ ಇನ್ನು ಯಾರು ಯಾರನ್ನು ನಂಬಿ ಬದುಕಬೇಕು?

2025ರ ನವೆಂಬರ್‌ನ ಐಪಿಸಿ ವರದಿ ಎಲ್ ಫಾಶರ್ ಜೊತೆಗೆ ದಕ್ಷಿಣ ಕೊರ್ಡೊಫಾನ್‌ನ ಕದುಗ್ಲಿಯಲ್ಲೂ ಕ್ಷಾಮವಿದೆ ಎಂದಿತು. ದಾರ್ಫುರ್ ಮತ್ತು ಕೊರ್ಡೊಫಾನ್‌ನ ಇನ್ನೂ 20 ಪ್ರದೇಶಗಳು ಕ್ಷಾಮದ ಅಂಚಿನಲ್ಲಿವೆ ಎಂದು ಪಟ್ಟಿ ಕೊಟ್ಟಿತು. ಎಲ್ ಫಾಶರ್‌ಗೆ 2024ರಲ್ಲೂ 2025ರಲ್ಲೂ ಬಿತ್ತನೆ ಕಾಲ ಮುತ್ತಿಗೆಯೊಳಗೇ ಕಳೆದುಹೋಗಿತ್ತು. ಸುಡಾನಿನಿಂದ ಬುರ್ಕಿನಾ ಫಾಸೊವರೆಗಿನ ಈ ಇಡೀ ಪ್ರದೇಶದಲ್ಲಿ ಜನ ಉಣ್ಣುವುದು ಜೋಳ, ಸಜ್ಜೆ. ಮಳೆ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತೆನೆ ಕೈಗೆ ಬರುವುದು ಅಕ್ಟೋಬರ್ ನಂತರ. ಕಣಜ ಬರಿದಾಗುವುದೂ, ಮಣ್ಣಿನ ರಸ್ತೆ ಕೆಸರಾಗಿ ಲಾರಿ ಹೂತುಹೋಗುವುದೂ, ಮಲೇರಿಯಾ ಮತ್ತು ಕಾಲರಾ ಏರುವುದೂ ಅದೇ ನಾಲ್ಕು ತಿಂಗಳಲ್ಲಿ. ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲೊರಿ ಎಂದರೆ ಕಾಳು, ಬೇಳೆ, ಎಣ್ಣೆ ಸೇರಿ ಅರ್ಧ ಕಿಲೊ. ಲಕ್ಷ ಜನರ ಊರಿಗೆ ದಿನಕ್ಕೆ 50 ಟನ್, ನಾಲ್ಕು ತಿಂಗಳಿಗೆ 6,000 ಟನ್. 30 ಟನ್ ಹೊರುವ ಲಾರಿಗಳಲ್ಲಿ 200 ಲೋಡ್. ಬೀಜವನ್ನೂ ಸೇರಿಸಿ ಅವು ಊರು ತಲುಪಿರಬೇಕಾದದ್ದು ಮೇ ತಿಂಗಳು ಮುಗಿಯುವುದರೊಳಗೆ.